ಯಂತ್ರ ಮರುಮಾತಾಡಿದ ಮೇಲೆ

ನಮ್ಮ ಕಸುಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. ‘ಮೇಡಂ, ಯಾವ ಲ್ಯಾಂಗ್ವೇಜ್ ಕಲಿಯಲಿ?’ ಸಿ ಶಾರ್ಪ್, ಪೈಥಾನ್, ಲೂವಾ, ಜಾವಾಸ್ಕ್ರಿಪ್ಟ್ ಎಂದು ಪಟ್ಟಿಯನ್ನೂ ಅವರೇ ಹಿಡಿದುಕೊಂಡು ಬಂದಿರುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ, ಹೊಟ್ಟೆಪಾಡಿನ ಪ್ರಶ್ನೆ ಅದು. ಆದರೂ ನಾನು ನೇರ ಉತ್ತರ ಕೊಡದೆ, ಕೂರಿಸಿಕೊಂಡು ಈ ಕಸುಬು ನಡೆದುಬಂದ ದಾರಿಯನ್ನು ಹೇಳುತ್ತೇನೆ. ಭಾಷೆಗಳು ಬಂದಿವೆ, ಹೋಗಿವೆ. ನಾನು ರಾತ್ರಿಯೆಲ್ಲ ಕೂತು ಕಲಿತ ಭಾಷೆಯಲ್ಲಿ ಈಗ ಹೊಸ ಕೆಲಸ ಸಿಗುವುದೇ ಅಪರೂಪ. ಉಳಿದುಬಂದದ್ದು ಒಂದೇ ವಿದ್ಯೆ: ಯಂತ್ರಕ್ಕೆ ಅಪ್ಪಣೆ ಕೊಟ್ಟ ಮೇಲೆ ಅದು ಏನು ಹೇಳುತ್ತದೆ ಎಂದು ಕಾದು ಕೇಳುವುದು. ಯಂತ್ರಗಳು ಬಾಯಿ ಬಿಡಲು ಕಲಿತ ಇತಿಹಾಸವೇ ನಮ್ಮ ಕಸುಬಿನ ಇತಿಹಾಸ ಎಂದು ನಾನು ನಂಬಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ದೊಡ್ಡ ಕಚೇರಿಯ ಮೀಟಿಂಗ್ ಹಾಲ್, ಕಾಲೇಜಿನ ಸಭಾಂಗಣ, ಆಸ್ಪತ್ರೆಯ ಟೀಚಿಂಗ್ ರೂಮ್ ಇಂಥ ಕಡೆ ಮೇಜಿನ ಮೇಲೊಂದು ಟಚ್ ಪ್ಯಾನೆಲ್ ಇರುತ್ತದೆ. ‘ಪ್ರೆಸೆಂಟೇಷನ್’ ಎಂಬ ಒಂದು ಬಟನ್ ಒತ್ತಿದರೆ ಪರದೆ ಇಳಿಯುತ್ತದೆ, ಪ್ರೊಜೆಕ್ಟರ್ ಆನ್ ಆಗುತ್ತದೆ, ದೀಪಗಳು ಮಂದವಾಗುತ್ತವೆ, ಕಿಟಕಿಯ ಬ್ಲೈಂಡ್ಸ್ ಮುಚ್ಚಿಕೊಳ್ಳುತ್ತವೆ, ಮೈಕಿನ ಧ್ವನಿ ತೆರೆದುಕೊಳ್ಳುತ್ತದೆ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಕಾಲದಲ್ಲಿ ಮಾಡಿದ, ಒಂದರ ಮಾತು ಇನ್ನೊಂದಕ್ಕೆ ತಿಳಿಯದ ಹತ್ತಾರು ಉಪಕರಣಗಳನ್ನು ಆ ಒಂದು ಬಟನ್ನಿನ ಮಾತಿಗೆ ತರುವ ಪ್ರೋಗ್ರಾಂ ರ‍್ಯಾಕ್‌ನೊಳಗಿನ ಕಂಟ್ರೋಲ್ ಪ್ರೊಸೆಸರ್‌ನಲ್ಲಿ ಓಡುತ್ತಿರುತ್ತದೆ. ಅದನ್ನು ಬರೆಯುವವರು ನಾವು, ಎವಿ (ಆಡಿಯೊ ವಿಷುವಲ್) ಪ್ರೋಗ್ರಾಮರ್‌ಗಳು.

ಇದರ ಬೇರು ಕಂಪ್ಯೂಟರಿಗಿಂತ ಹಳೆಯದು. ನನ್ನ ಸೋದರಮಾವ ಅರಸೀಕೆರೆಯಲ್ಲಿ ಚಿತ್ರಮಂದಿರದ ಆಪರೇಟರ್ ಆಗಿದ್ದರು. ಎರಡು ಪ್ರೊಜೆಕ್ಟರ್, ಒಂದು ರೀಲು ಸುಮಾರು ಇಪ್ಪತ್ತು ನಿಮಿಷ. ರೀಲು ಮುಗಿಯಲು ಎಂಟು ಸೆಕೆಂಡ್ ಇದೆ ಎನ್ನುವಾಗ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತಿತ್ತು. ಪ್ರೇಕ್ಷಕರಲ್ಲಿ ಹೆಚ್ಚಿನವರಿಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಅದು ಮೋಟಾರ್ ಕ್ಯೂ. ಅದು ಬಂದೊಡನೆ ಪಕ್ಕದ ಪ್ರೊಜೆಕ್ಟರಿನ ಮೋಟಾರ್ ಚಾಲೂ ಮಾಡಬೇಕು. ಸುಮಾರು ಏಳು ಸೆಕೆಂಡಿನ ಮೇಲೆ ಎರಡನೆಯ ಚುಕ್ಕೆ. ಆಗ ಇದರ ಬೆಳಕು ಮುಚ್ಚಿ ಅದರ ಬೆಳಕು ತೆರೆಯಬೇಕು. ಇದಕ್ಕೆಲ್ಲ ಮುಂಚೆ ಕಾರ್ಬನ್ ಕಡ್ಡಿ ಹೊತ್ತಿಸಿ, ಜ್ವಾಲೆ ಅಲುಗಾಡದೆ ನಿಂತಿದೆಯೇ ಎಂದು ಕಪ್ಪು ಗಾಜಿನ ಕಿಂಡಿಯಲ್ಲಿ ನೋಡಿಕೊಂಡಿರಬೇಕು. ‘ಚುಕ್ಕೆ ನೋಡೋನು ಅರ್ಧ ಆಪರೇಟರ್ರು, ಜ್ವಾಲೆ ನೋಡೋನು ಪೂರ್ತಿ ಆಪರೇಟರ್ರು’ ಎನ್ನುತ್ತಿದ್ದರು ಮಾವ. ಅಪ್ಪಣೆ ಕೊಡುವ ಹೊತ್ತು ಯಾವುದು, ಅಪ್ಪಣೆ ಪಾಲಿಸಲು ಯಂತ್ರ ಸಿದ್ಧವಿದೆಯೇ, ಪಾಲಿಸಿತೇ, ಈ ಮೂರನ್ನೂ ಅವರ ಕಣ್ಣೇ ನೋಡುತ್ತಿತ್ತು. ನಾವು ಇವತ್ತು ಪ್ರೊಸೆಸರ್‌ಗೆ ಕಲಿಸುವುದೂ ಈ ಮೂರನ್ನೇ.

ಕಣ್ಣಿಗೂ ಕೈಗೂ ಮೀರಿದ ಕೆಲಸ ಬಂದದ್ದು ಸ್ಲೈಡ್ ಪ್ರೊಜೆಕ್ಟರ್‌ಗಳ ಕಾಲದಲ್ಲಿ. ಕೊಡಾಕ್ ಕಂಪನಿ 1961ರಲ್ಲಿ ಕರೋಸೆಲ್ ಪ್ರೊಜೆಕ್ಟರ್ ಹೊರತಂದಿತು. ಮೇಲೊಂದು ದುಂಡನೆಯ ಟ್ರೇ, ಅದರಲ್ಲಿ 80 ಸ್ಲೈಡ್. ಒಂದು ವಿದ್ಯುತ್ ಸ್ಪಂದನ ಕೊಟ್ಟರೆ ಟ್ರೇ ಒಂದು ಮನೆ ಮುಂದೆ ತಿರುಗಿ ಮುಂದಿನ ಸ್ಲೈಡ್ ಕೆಳಗೆ ಬೀಳುತ್ತದೆ. ಮನುಷ್ಯ ಒತ್ತುವ ಬಟನ್ನಿನ ಜಾಗದಲ್ಲಿ ತಂತಿಯೊಂದನ್ನು ಜೋಡಿಸಿದರೆ ಯಾವುದೇ ಯಂತ್ರ ಅದನ್ನು ನಡೆಸಬಹುದಾಗಿತ್ತು. 1967ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವಿಶ್ವ ಮೇಳದಲ್ಲಿ ಚೆಕೊಸ್ಲೊವಾಕಿಯಾದ ಮಂಟಪದೊಳಗೆ ಜೋಸೆಫ್ ಸ್ವೊಬೊಡಾ ಎಂಬ ರಂಗವಿನ್ಯಾಸಕ ಡಯಾಪಾಲಿಎಕ್ರಾನ್ ಎಂಬ ಗೋಡೆ ಕಟ್ಟಿದ. 112 ಘನಗಳು, ಪ್ರತಿ ಘನದ ಒಳಗೆ ಎರಡು ಸ್ಲೈಡ್ ಪ್ರೊಜೆಕ್ಟರ್, ಒಟ್ಟು ಹದಿನೈದು ಸಾವಿರದಷ್ಟು ಸ್ಲೈಡ್. ಘನಗಳು ಮುಂದಕ್ಕೂ ಹಿಂದಕ್ಕೂ ಸರಿಯುತ್ತಿದ್ದವು. ಹನ್ನೊಂದು ನಿಮಿಷದ ಆಟ. ಇಷ್ಟನ್ನು ಕೈಯಿಂದ ನಡೆಸುವ ಆಪರೇಟರ್ ಭೂಮಿಯ ಮೇಲಿಲ್ಲ. ಎಲ್ಲ ಸಂಕೇತಗಳನ್ನೂ ಮೊದಲೇ ಬರೆದಿಟ್ಟು, ಆಮೇಲೆ ಓಡಿಸಬೇಕಾಗಿತ್ತು. ಎವಿ ಪ್ರೋಗ್ರಾಮಿಂಗ್ ಎಂಬುದು ಹುಟ್ಟಿದ ಒಂದು ಜಾಗ ಇದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮುಂದಿನ ಹದಿನೈದು ಇಪ್ಪತ್ತು ವರ್ಷ ಅಮೆರಿಕ ಮತ್ತು ಯೂರೋಪಿನಲ್ಲಿ ಮಲ್ಟಿ ಇಮೇಜ್ ಎಂಬ ದೊಡ್ಡ ಉದ್ಯಮವೇ ಬೆಳೆಯಿತು. ಕಂಪನಿಗಳ ವಾರ್ಷಿಕ ಸಭೆಗೆ, ಹೊಸ ಕಾರಿನ ಬಿಡುಗಡೆಗೆ, ವಸ್ತುಸಂಗ್ರಹಾಲಯಕ್ಕೆ ಹತ್ತಾರು ಪ್ರೊಜೆಕ್ಟರ್‌ಗಳ ಆಟ. ಒಂದರ ದೀಪ ಆರುತ್ತ ಇನ್ನೊಂದರ ದೀಪ ಏರುವಂತೆ ಮಾಡಿ ಚಿತ್ರದೊಳಗೆ ಚಿತ್ರ ಕರಗಿಸುವ ಡಿಸಾಲ್ವ್ ಯೂನಿಟ್‌ಗಳು ಬಂದವು. ಸಂಗೀತವಿರುವ ಟೇಪಿನಲ್ಲೇ ಒಂದು ಟ್ರ್ಯಾಕ್ ಮೀಸಲಿಟ್ಟು ಅದರಲ್ಲಿ ಸಂಕೇತ ಮುದ್ರಿಸುತ್ತಿದ್ದರು. ಸರಳ ಸ್ಲೈಡ್-ಟೇಪ್ ಪಾಠಗಳಲ್ಲಿ 1000 ಹರ್ಟ್ಸ್‌ನ ಒಂದು ಸಣ್ಣ ಕೂಗು ಎಂದರೆ ‘ಮುಂದಿನ ಸ್ಲೈಡ್’ ಎಂದು ಅರ್ಥ. ಇಂಥ ಆಟ ನಡೆಸುವ ಯಂತ್ರಗಳನ್ನು ಮಾಡುತ್ತಿದ್ದವರಲ್ಲಿ ಇಬ್ಬರು: ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ ಡಾಟಾಟನ್ ಕಂಪನಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ಆಡಿಯೊ ವಿಷುವಲ್ ಲ್ಯಾಬೊರೇಟರೀಸ್, ಅಂದರೆ ಎವಿಎಲ್. ಈ ಎವಿಎಲ್‌ನವರು ಸ್ಲೈಡ್ ನಡೆಸುವುದಕ್ಕಾಗಿಯೇ ಪ್ರೊಕಾಲ್ ಎಂಬ ಭಾಷೆ ಮಾಡಿದರು, ಅದು ಓಡಲು ಈಗಲ್ ಎಂಬ ಕಂಪ್ಯೂಟರ್ ಕಟ್ಟಿದರು. ಆ ಕಂಪ್ಯೂಟರ್ ಎಷ್ಟು ಚೆನ್ನಾಗಿತ್ತೆಂದರೆ ಲೆಕ್ಕಪತ್ರಕ್ಕೂ ಜನ ಅದನ್ನೇ ಕೊಳ್ಳತೊಡಗಿ, ಈಗಲ್ ಕಂಪ್ಯೂಟರ್ ಎಂಬ ಬೇರೆ ಕಂಪನಿಯೇ ಕ್ಯಾಲಿಫೋರ್ನಿಯಾದಲ್ಲಿ ನಿಂತಿತು. 1983ರ ಜೂನ್ 8ರಂದು ಅದರ ಷೇರುಗಳು ಮಾರುಕಟ್ಟೆಗೆ ಬಂದವು. ಅದೇ ದಿನ ಅದರ ಅಧ್ಯಕ್ಷ ಡೆನಿಸ್ ಬಾರ್ನ್‌ಹಾರ್ಟ್ ಕಾರು ಅಪಘಾತದಲ್ಲಿ ತೀರಿಕೊಂಡ. ಕಂಪನಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ಪರ್ಸನಲ್ ಕಂಪ್ಯೂಟರಿನ ಚರಿತ್ರೆ ಬರೆಯುವವರು ಈ ಸಾವನ್ನು ನೆನೆಯುತ್ತಾರೆ. ಆ ಯಂತ್ರ ಸ್ಲೈಡ್ ತೋರಿಸಲು ಹುಟ್ಟಿದ್ದು ಎಂಬುದನ್ನು ನೆನೆಯಬೇಕಾದವರು ನಾವು.

ಆ ಕಾಲದ ಪ್ರೋಗ್ರಾಮರ್‌ಗಳ ಶಿಸ್ತಿನ ಬಗ್ಗೆ ನನಗೆ ತುಂಬ ಗೌರವ. ಏಕೆಂದರೆ ಅವರ ಯಂತ್ರ ಪೂರ್ತಿ ಮೂಕ. ಕಂಪ್ಯೂಟರ್ ಟ್ರೇಗೆ ಎಷ್ಟು ಸ್ಪಂದನ ಕೊಟ್ಟೆ ಎಂದು ತಾನೇ ಎಣಿಸಿಕೊಂಡು, ಈಗ 37ನೇ ಸ್ಲೈಡ್ ಇರಬೇಕು ಎಂದು ನಂಬಿಕೊಳ್ಳುತ್ತಿತ್ತು. ಮಧ್ಯೆ ಒಂದು ಸ್ಲೈಡ್ ಸಿಕ್ಕಿಹಾಕಿಕೊಂಡರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಆ ಪ್ರೊಜೆಕ್ಟರಿನ ಪ್ರತಿ ಚಿತ್ರವೂ ತಪ್ಪು. ಇದಕ್ಕೆ ಅವರು ಕಂಡುಕೊಂಡ ಉಪಾಯ, ಆಟ ಶುರುವಾಗುವ ಮುಂಚೆ ಎಲ್ಲ ಟ್ರೇಗಳನ್ನೂ ಸೊನ್ನೆಗೆ ತಂದು ನಿಲ್ಲಿಸುವುದು. ‘ಹೋಮ್’ ಎನ್ನುತ್ತಿದ್ದರು. ಯಂತ್ರ ಎಲ್ಲಿದೆ ಎಂದು ಕೇಳಿ ತಿಳಿಯಲಾಗದಿದ್ದರೆ, ನಿನಗೆ ಗೊತ್ತಿರುವ ಜಾಗಕ್ಕೆ ಅದನ್ನು ಎಳೆದು ತಾ. ಇವತ್ತಿಗೂ ಮೋಟಾರ್ ಪರದೆಯಂಥ ಮೂಕ ಉಪಕರಣ ಸಿಕ್ಕಿದರೆ ನಾನು ಮಾಡುವುದು ಇದನ್ನೇ. ಪ್ರೊಸೆಸರ್ ರೀಬೂಟ್ ಆದೊಡನೆ ಪರದೆಯನ್ನು ಪೂರ್ತಿ ಮೇಲಕ್ಕೆ ಕಳಿಸಿ, ಅದು ಮೇಲೆ ಮುಟ್ಟುವಷ್ಟು ಹೊತ್ತು ಬೇರಾವ ಅಪ್ಪಣೆಯನ್ನೂ ಒಪ್ಪುವುದಿಲ್ಲ.

ಡಾಟಾಟನ್‌ನವರು ಹೊಸ ಶತಮಾನದ ಹೊಸ್ತಿಲಲ್ಲಿ ವಾಚ್‌ಔಟ್ ಎಂಬ ಸಾಫ್ಟ್‌ವೇರ್ ತಂದು ಸ್ಲೈಡ್ ಬದಲು ಕಂಪ್ಯೂಟರುಗಳಿಂದಲೇ ಚಿತ್ರ ಜೋಡಿಸಿದರು. ಕೊಡಾಕ್ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆಯನ್ನೇ ನಿಲ್ಲಿಸಿತು.

ಅಷ್ಟರಲ್ಲಿ ಕಸುಬಿನ ನಡು ಬೇರೆಡೆಗೆ ಸರಿದಾಗಿತ್ತು. 1982ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಸ್ಕಾಟ್ ಮಿಲ್ಲರ್ ಶುರುಮಾಡಿದ ಎಎಂಎಕ್ಸ್ ಕಂಪನಿಯ ಮೊದಲ ಹೆಜ್ಜೆಗಳೂ ಸ್ಲೈಡ್ ಪ್ರೊಜೆಕ್ಟರ್ ರಿಮೋಟುಗಳೇ. ನ್ಯೂಜೆರ್ಸಿಯಲ್ಲಿ ಜಾರ್ಜ್ ಫೆಲ್ಡ್‌ಸ್ಟೈನ್ 1970ರ ದಶಕದ ಮೊದಲಲ್ಲಿ, ಒಂದು ತಿಂಡಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕ್ರೆಸ್ಟ್ರಾನ್ ಶುರುಮಾಡಿದ. ಈ ಎರಡು ಕಂಪನಿಗಳು ಆಟವನ್ನು ಬಿಟ್ಟು ಕೋಣೆಯನ್ನು ಹಿಡಿದವು. ಇದು ಮೇಲುನೋಟಕ್ಕೆ ಸಣ್ಣ ತಿರುವು, ಪ್ರೋಗ್ರಾಮರ್‌ಗೆ ಮಾತ್ರ ಲೋಕವೇ ತಲೆಕೆಳಗು. ಆಟದ ಪ್ರೋಗ್ರಾಂ ಕಾಲದ ಹಿಡಿತದಲ್ಲಿರುತ್ತದೆ. ಮೂರನೇ ನಿಮಿಷದಲ್ಲಿ ಏನಾಗಬೇಕೆಂದು ಬರೆದವನಿಗೆ ಗೊತ್ತು. ಕೋಣೆಯ ಪ್ರೋಗ್ರಾಂ ಮನುಷ್ಯನ ಬೆರಳ ಹಿಡಿತದಲ್ಲಿರುತ್ತದೆ. ಯಾರು ಯಾವಾಗ ಯಾವ ಬಟನ್ ಒತ್ತುತ್ತಾರೋ, ಪ್ರೊಜೆಕ್ಟರ್ ಆನ್ ಆಗುತ್ತಿರುವಾಗಲೇ ಆಫ್ ಒತ್ತುತ್ತಾರೋ, ಒಂದೇ ಬಟನ್ನನ್ನು ಐದು ಸಲ ಕುಟ್ಟುತ್ತಾರೋ ಹೇಳಲಾಗದು. ಇಲ್ಲಿ ಟೈಮ್‌ಲೈನ್ ಇಲ್ಲ. ‘ಈಗ ಕೋಣೆಯ ಸ್ಥಿತಿ ಏನು, ಈ ಸ್ಥಿತಿಯಲ್ಲಿ ಈ ಬಟನ್ನಿನ ಅರ್ಥ ಏನು’ ಎಂಬ ಪ್ರಶ್ನೆ ಮಾತ್ರ ಇದೆ. ಒಳ್ಳೆಯ ಎವಿ ಪ್ರೋಗ್ರಾಮರ್‌ಗೂ ಸಾಧಾರಣ ಪ್ರೋಗ್ರಾಮರ್‌ಗೂ ನಾನು ಕಂಡ ವ್ಯತ್ಯಾಸವೆಲ್ಲ ಈ ಪ್ರಶ್ನೆಗೆ ಕೊಡುವ ಗಮನದಲ್ಲಿದೆ.

ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದಾಗ ಊರು ತುಂಬ ಸಾಫ್ಟ್‌ವೇರ್ ಕಚೇರಿಗಳು ಏಳುತ್ತಿದ್ದವು. ಅಮೆರಿಕದ ಗ್ರಾಹಕರ ಜೊತೆ ವಿಡಿಯೊ ಕಾನ್ಫರೆನ್ಸ್ ಮಾಡದ ಕಂಪನಿಯೇ ಇರಲಿಲ್ಲ. ಥಾಮಸ್ ಫ್ರೀಡ್‌ಮನ್ 2005ರಲ್ಲಿ ಬರೆದ ‘ದಿ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕದ ಮೊದಲ ಅಧ್ಯಾಯದಲ್ಲೇ ಬೆಂಗಳೂರಿನ ಇನ್ಫೊಸಿಸ್ ಕ್ಯಾಂಪಸ್ಸಿನ ಕಾನ್ಫರೆನ್ಸ್ ಕೋಣೆ, ಅದರ ಗೋಡೆಯಗಲದ ಪರದೆ ಬರುತ್ತದೆ. ಎಲ್ಲರೂ ಆ ಪುಟಗಳಲ್ಲಿ ಜಾಗತೀಕರಣ ಓದಿದರು. ಈ ಕಸುಬಿನ ನಾವು ಅಂಥ ಗೋಡೆಯ ಹಿಂದಿನ ಕೇಬಲ್ಲುಗಳನ್ನು ಓದಿದೆವು.

ಆ ದಿನಗಳ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೂರು ತಂತಿಗಳು. ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕ 1960ರಲ್ಲಿ ಮೋಡೆಮ್ ಮತ್ತು ಟೆಲಿಪ್ರಿಂಟರ್‌ಗಳಿಗಾಗಿ ಹುಟ್ಟಿದ್ದು. ಪ್ರೊಜೆಕ್ಟರ್, ಸ್ವಿಚರ್, ಕ್ಯಾಮೆರಾ ಮಾಡುವವರೆಲ್ಲ ಅದನ್ನೇ ಎರವಲು ತಂದು ತಮ್ಮ ಉಪಕರಣದ ಹಿಂದೆ ಒಂಬತ್ತು ಪಿನ್ನಿನ ಕನೆಕ್ಟರ್ ಇಟ್ಟರು. ಒಂಬತ್ತರಲ್ಲಿ ನಮಗೆ ಬೇಕಾದದ್ದು 2, 3 ಮತ್ತು 5: ಒಂದು ಕಳಿಸಲು, ಒಂದು ಕೇಳಲು, ಒಂದು ಗ್ರೌಂಡ್. ಅದಕ್ಕೂ ಹಿಂದೆ ಇದ್ದದ್ದು ರಿಲೇ ಮತ್ತು ಐಆರ್. ರಿಲೇ ಸ್ವಿಚ್ ಮುಚ್ಚುತ್ತದೆ, ಅಷ್ಟೇ. ಐಆರ್ ಎಂದರೆ ಟಿವಿ ರಿಮೋಟಿನ ಬೆಳಕನ್ನು ನಕಲು ಮಾಡಿ ಉಪಕರಣದ ಕಣ್ಣಿಗೆ ಅಂಟಿಸಿದ ಸಣ್ಣ ದೀಪದಿಂದ ಹೊಡೆಯುವುದು. ಅಂಟು ಬಿಟ್ಟು ದೀಪ ಕೆಳಗೆ ಬಿದ್ದರೂ ಪ್ರೋಗ್ರಾಂ ಹೊಡೆಯುತ್ತಲೇ ಇರುತ್ತದೆ. ಸೀರಿಯಲ್‌ನಲ್ಲಿ ಮೊದಲ ಬಾರಿಗೆ ಉಪಕರಣ ತಿರುಗಿ ಮಾತಾಡಿತು.

ತಿರುಗಿ ಮಾತಾಡಲು ಆ ಕೇಳುವ ತಂತಿ ಬೇಕು. ಎಷ್ಟೋ ಸೈಟುಗಳಲ್ಲಿ ಅದನ್ನು ಹಾಕಿಯೇ ಇರುತ್ತಿರಲಿಲ್ಲ. ಕಳಿಸುವ ತಂತಿ, ಗ್ರೌಂಡ್ ಎರಡನ್ನು ಬೆಸುಗೆ ಹಾಕಿ, ಪ್ರೊಜೆಕ್ಟರ್ ಆನ್ ಆಯಿತಲ್ಲ ಎಂದು ಸೀಲಿಂಗ್ ಮುಚ್ಚಿ ಹೋಗಿರುತ್ತಿದ್ದರು. ಹ್ಯಾಂಡ್‌ಓವರ್ ದಿನ ಎಲ್ಲವೂ ನಡೆಯುತ್ತಿತ್ತು. ತೊಂದರೆ ಬರುತ್ತಿದ್ದದ್ದು ಆಮೇಲೆ, ಮುಖ್ಯವಾಗಿ ಬೇಸಿಗೆಯ ಲೋಡ್ ಶೆಡ್ಡಿಂಗ್ ದಿನಗಳಲ್ಲಿ. ಕಂಟ್ರೋಲ್ ಪ್ರೊಸೆಸರ್‌ಗೆ ಯುಪಿಎಸ್ ಇರುತ್ತಿತ್ತು, ಪ್ರೊಜೆಕ್ಟರ್‌ಗೆ ಇರುತ್ತಿರಲಿಲ್ಲ. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಪ್ರೊಜೆಕ್ಟರ್ ಸತ್ತು ಸ್ಟ್ಯಾಂಡ್‌ಬೈನಲ್ಲಿ ಎದ್ದಿರುತ್ತಿತ್ತು. ಪ್ರೊಸೆಸರ್‌ಗೆ ಏನೂ ಆಗಿರುತ್ತಿರಲಿಲ್ಲವಾದ್ದರಿಂದ ಟಚ್ ಪ್ಯಾನೆಲ್‌ನಲ್ಲಿ ‘ಪ್ರೊಜೆಕ್ಟರ್ ಆನ್’ ಎಂದು ಹಸಿರು ಬಣ್ಣ ಹೊಳೆಯುತ್ತಲೇ ಇರುತ್ತಿತ್ತು. ಎದುರಿಗೆ ಪರದೆ ಕಪ್ಪು. ಆಫ್ ಒತ್ತಿ ಮತ್ತೆ ಆನ್ ಒತ್ತಬೇಕು ಎಂದು ಕಚೇರಿಯವರಿಗೆ ಯಾರು ಹೇಳಬೇಕು? ಒಳಗೆ ನಿರ್ದೇಶಕರು ಕಾಯುತ್ತಿರುವಾಗ ಫೋನು ನನಗೆ ಬರುತ್ತಿತ್ತು. ಯುರೋಪಿನ ಕೈಪಿಡಿಗಳಲ್ಲಿ ಇಲ್ಲದ ಪಾಠವನ್ನು ನಮಗೆ ಬೆಂಗಳೂರಿನ ಕರೆಂಟು ಕಲಿಸಿತು: ಪ್ರೊಜೆಕ್ಟರನ್ನು ಕೆಲವು ಸೆಕೆಂಡಿಗೊಮ್ಮೆ ‘ಹೇಗಿದ್ದೀಯ’ ಎಂದು ಕೇಳುತ್ತಿರಬೇಕು. ಪ್ಯಾನೆಲ್ಲಿನ ಬಟನ್ ಬಣ್ಣ ಬದಲಾಗಬೇಕಾದದ್ದು ಆ ಉತ್ತರದಿಂದ, ಒತ್ತಿದ ಬೆರಳಿನಿಂದಲ್ಲ.

ಆಗ ಎರಡು ಪಂಥಗಳಿದ್ದವು. ಕ್ರೆಸ್ಟ್ರಾನ್‌ನವರದು ಸಿಂಪಲ್ ವಿಂಡೋಸ್. ಅಲ್ಲಿ ಬರೆಯುವುದಕ್ಕಿಂತ ಜೋಡಿಸುವುದೇ ಹೆಚ್ಚು. ಟಾಗಲ್, ಬಫರ್, ಇಂಟರ್‌ಲಾಕ್, ಸ್ಟೆಪರ್ ಎಂಬ ಚೌಕಗಳನ್ನು ಹಾಕಿ ಅವುಗಳ ನಡುವೆ ಸಿಗ್ನಲ್ ಹೆಸರುಗಳನ್ನು ಹೊಂದಿಸಬೇಕು. ಡಿಜಿಟಲ್ ನೀಲಿ, ಅನಲಾಗ್ ಕೆಂಪು, ಸೀರಿಯಲ್ ಕಪ್ಪು. ರಿಲೇ ಪ್ಯಾನೆಲ್ ಕಟ್ಟಿದ ಎಲೆಕ್ಟ್ರಿಕಲ್ ಕೈಗಳಿಗೆ ಅದು ಬೇಗ ಒಗ್ಗುತ್ತಿತ್ತು. ಎಎಂಎಕ್ಸ್‌ನವರದು ಮೊದಲು ಆಕ್ಸೆಸ್, ಆಮೇಲೆ ನೆಟ್‌ಲಿಂಕ್ಸ್. ಅದು ಸಾಲು ಸಾಲಾಗಿ ಬರೆಯುವ ಭಾಷೆ. ‘ಬಟನ್ ಇವೆಂಟ್’ ಎಂದು ಬರೆದು ಅದರೊಳಗೆ ಒತ್ತಿದಾಗ ಏನು, ಬಿಟ್ಟಾಗ ಏನು, ಹಿಡಿದೇ ಇದ್ದರೆ ಏನು ಎಂದು ಹೇಳಬೇಕು. ಸಿ ಬಲ್ಲವರು ಇತ್ತ ಬರುತ್ತಿದ್ದರು. ಯಾವುದು ಮೇಲು ಎಂದು ಟೀ ಅಂಗಡಿಯಲ್ಲಿ ಗಂಟೆಗಟ್ಟಲೆ ವಾದ ಮಾಡಿದ್ದೇವೆ. ಎರಡನ್ನೂ ಬರೆದು ಉಂಡವಳಾಗಿ ಈಗ ಹೇಳುತ್ತೇನೆ, ಎರಡರಲ್ಲೂ ಅಚ್ಚುಕಟ್ಟಾದ ಕೋಣೆ ಕಟ್ಟಬಹುದಿತ್ತು, ಎರಡರಲ್ಲೂ ಕುರುಡು ಕೋಣೆ ಕಟ್ಟಬಹುದಿತ್ತು.

ಕುರುಡು ಎಂದರೆ ಏನೆಂದು ಒಂದು ಸಾಲಿನಲ್ಲಿ ತೋರಿಸುತ್ತೇನೆ. ನೆಟ್‌ಲಿಂಕ್ಸ್‌ನಲ್ಲಿ ‘ವೇಯ್ಟ್ 300’ ಎಂದರೆ ಮೂವತ್ತು ಸೆಕೆಂಡ್ ಕಾಯಿ ಎಂದರ್ಥ, ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಪ್ರೊಜೆಕ್ಟರ್ ಆನ್ ಮಾಡಿ, ವೇಯ್ಟ್ 300 ಹಾಕಿ, ಆಮೇಲೆ ಎಚ್‌ಡಿಎಂಐ ಇನ್‌ಪುಟ್‌ಗೆ ಹೋಗು ಎಂದು ಬರೆಯುವುದು ಎಲ್ಲರಿಗೂ ಬರುತ್ತದೆ. ಆದರೆ ಪಾದರಸದ ದೀಪವಿರುವ ಪ್ರೊಜೆಕ್ಟರ್ ಹೊಸದಿದ್ದಾಗ ಬಿಸಿಯಾಗಲು ತೆಗೆದುಕೊಳ್ಳುವ ಹೊತ್ತು ಬೇರೆ, ಹಳೆಯದಾದಾಗ ಬೇರೆ. ಆಫ್ ಮಾಡಿದ ಮೇಲೆ ದೀಪ ತಣ್ಣಗಾಗುವವರೆಗೆ ಫ್ಯಾನ್ ಓಡುತ್ತಿರುತ್ತದೆ, ಆ ಹೊತ್ತಿನಲ್ಲಿ ಆನ್ ಎಂದರೆ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ. ಮೂವತ್ತು ಸೆಕೆಂಡ್ ಎಂಬುದು ಪ್ರೋಗ್ರಾಮರ್‌ನ ಊಹೆ. ಯಂತ್ರವನ್ನು ಕೇಳಿದರೆ ಅದೇ ಹೇಳುತ್ತದೆ. ಜಪಾನಿನ ಪ್ರೊಜೆಕ್ಟರ್ ತಯಾರಕರು ಸೇರಿ ಮಾಡಿಕೊಂಡ ಪಿಜೆಲಿಂಕ್ ಎಂಬ ಸಾಮಾನ್ಯ ಭಾಷೆಯಲ್ಲಿ ಪವರ್ ಸ್ಥಿತಿ ಕೇಳಿದರೆ ನಾಲ್ಕು ಉತ್ತರಗಳಿವೆ: 0 ಎಂದರೆ ಆಫ್, 1 ಎಂದರೆ ಆನ್, 2 ಎಂದರೆ ತಣ್ಣಗಾಗುತ್ತಿದ್ದೇನೆ, 3 ಎಂದರೆ ಬಿಸಿಯಾಗುತ್ತಿದ್ದೇನೆ. ಈ 2 ಮತ್ತು 3ನ್ನು ತಮ್ಮ ಪ್ರೋಗ್ರಾಂನಲ್ಲಿ ಗೌರವದಿಂದ ನಡೆಸಿಕೊಂಡವರ ಕೋಣೆಗಳಿಂದ ರಾತ್ರಿ ಫೋನ್ ಬರುವುದಿಲ್ಲ.

ನನಗೆ ಈ ವಿದ್ಯೆ ಪೂರ್ತಿ ತೆರೆದುಕೊಂಡದ್ದು ಸೋನಿ ಕ್ಯಾಮೆರಾಗಳ ವಿಸ್ಕಾ ಪ್ರೊಟೊಕಾಲ್ ಓದಿದಾಗ. ಆ ಕೈಪಿಡಿಯನ್ನು ನಾನು ಇಂದಿಗೂ ಕಲಿಯುವವರ ಕೈಗೆ ಕೊಡುತ್ತೇನೆ. ಕ್ಯಾಮೆರಾ ಆನ್ ಮಾಡಲು ಕಳಿಸುವುದು ಆರು ಬೈಟ್: 81 01 04 00 02 ಎಫ್‌ಎಫ್. ಕೊನೆಯ ಎಫ್‌ಎಫ್ ಎಂದರೆ ಮಾತು ಮುಗಿಯಿತು. ಇದಕ್ಕೆ ಕ್ಯಾಮೆರಾ ಒಂದಲ್ಲ, ಎರಡು ಉತ್ತರ ಕೊಡುತ್ತದೆ. ಮೊದಲು 90 41 ಎಫ್‌ಎಫ್, ನೀನು ಹೇಳಿದ್ದು ಕೇಳಿಸಿತು ಎಂದು. ಆಮೇಲೆ ಕೆಲಸ ಮುಗಿದಾಗ 90 51 ಎಫ್‌ಎಫ್, ಮಾಡಿ ಮುಗಿಸಿದೆ ಎಂದು. ಉಡುಪಿ ಹೋಟೆಲಿನಲ್ಲಿ ಮಾಣಿ ‘ಆಯ್ತು’ ಎಂದದ್ದಕ್ಕೂ ದೋಸೆ ಮೇಜಿಗೆ ಬಂದದ್ದಕ್ಕೂ ನಡುವೆ ಇರುವ ಹೊತ್ತು ಅದು. ಆ ನಡುವಿನ ಹೊತ್ತಿನಲ್ಲಿ ಕ್ಯಾಮೆರಾ ಏಕಕಾಲಕ್ಕೆ ಎರಡು ಕೆಲಸಗಳನ್ನು ಮಾತ್ರ ಇಟ್ಟುಕೊಳ್ಳಬಲ್ಲದು. ಮೂರನೆಯದನ್ನು ತಳ್ಳಿದರೆ 90 60 03 ಎಫ್‌ಎಫ್ ಬರುತ್ತದೆ: ಜಾಗವಿಲ್ಲ. ಅಂದರೆ ಅಪ್ಪಣೆಗಳನ್ನು ಸಾಲಿನಲ್ಲಿ ನಿಲ್ಲಿಸಿ, ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದನ್ನು ಬಿಡಬೇಕು. ಉತ್ತರವೇ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಮತ್ತೆ ಕೇಳಬೇಕು, ಕೊನೆಗೆ ಪ್ಯಾನೆಲ್‌ನಲ್ಲಿ ಏನು ತೋರಿಸಬೇಕು ಎಂದು ನಿರ್ಧರಿಸಿರಬೇಕು. ಕಂಪ್ಯೂಟರ್ ಸೈನ್ಸ್ ಓದಿದವರು ಕ್ಯೂ, ಸ್ಟೇಟ್ ಮಷೀನ್, ಟೈಮ್‌ಔಟ್ ಎಂದು ಪರೀಕ್ಷೆಗೆ ಬರೆದಿರುತ್ತಾರೆ. ನಮಗೆ ಅವು ಕ್ಯಾಮೆರಾದ ಬಾಯಿಂದ ಬಂದವು.

ಇನ್ನೊಂದು ಸೂಕ್ಷ್ಮವಿದೆ. ಉತ್ತರ ಯಾವಾಗಲೂ ಇಡಿಯಾಗಿ ಬರುವುದಿಲ್ಲ. ಸೀರಿಯಲ್‌ನಲ್ಲಾಗಲಿ ನೆಟ್‌ವರ್ಕ್‌ನಲ್ಲಾಗಲಿ ಅರ್ಧ ಈಗ, ಅರ್ಧ ಕ್ಷಣದ ನಂತರ ಬರಬಹುದು. ಎರಡು ಉತ್ತರಗಳು ಅಂಟಿಕೊಂಡೂ ಬರಬಹುದು. ಬಂದಷ್ಟನ್ನು ಬಫರ್‌ನಲ್ಲಿ ಕೂಡಿಟ್ಟು, ಕೊನೆಯ ಗುರುತು ಕಂಡ ಮೇಲೆ ಅಲ್ಲಿಯವರೆಗಿನದನ್ನು ಮಾತ್ರ ಕತ್ತರಿಸಿ ಓದಿ, ಉಳಿದದ್ದನ್ನು ಹಾಗೇ ಇಡಬೇಕು. ಟೇಬಲ್ಲಿನ ಮೇಲೆ ಪರೀಕ್ಷಿಸಿದಾಗ ಸರಿಯಿದ್ದು ಸೈಟಿನಲ್ಲಿ ಆಗೊಮ್ಮೆ ಈಗೊಮ್ಮೆ ಕೈಕೊಡುವ ಪ್ರೋಗ್ರಾಂ ಸಿಕ್ಕಿದರೆ ನಾನು ಮೊದಲು ನೋಡುವುದು ಈ ಜಾಗವನ್ನೇ.

ಇದನ್ನೆಲ್ಲ ಕಲಿಸುವ ಶಾಲೆ ಆಗ ಎಲ್ಲಿತ್ತು? ಕಂಪನಿಗಳು ಕೋರ್ಸ್ ನಡೆಸುತ್ತಿದ್ದವು, ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡುತ್ತಿದ್ದವು. ಅದರಿಂದ ಸಾಫ್ಟ್‌ವೇರಿನ ಪರಿಚಯವಾಗುತ್ತಿತ್ತು, ಅದೂ ಬೇಕಾದದ್ದೇ. ಕೈ ಪಳಗಿದ್ದು ಬೇರೆ ದಾರಿಯಲ್ಲಿ. ಚೆನ್ನೈನಿಂದ ಬರುತ್ತಿದ್ದ ಹಿರಿಯರೊಬ್ಬರ ಜೊತೆ ನಾನು ಕೆಲಕಾಲ ಸೈಟಿಗೆ ಹೋಗುತ್ತಿದ್ದೆ. ಅವರು ಪ್ರೊಸೆಸರ್ ಬಾಕ್ಸ್ ತೆರೆಯುವ ಮುಂಚೆ ಲ್ಯಾಪ್‌ಟಾಪನ್ನು ನೇರ ಪ್ರೊಜೆಕ್ಟರ್‌ಗೆ ಜೋಡಿಸಿ, ವಿಂಡೋಸ್ ಎಕ್ಸ್‌ಪಿಯ ಹೈಪರ್ ಟರ್ಮಿನಲ್ ತೆರೆದು, ಕೈಪಿಡಿಯ ಪ್ರತಿ ಅಪ್ಪಣೆಯನ್ನೂ ಬೆರಳಿನಿಂದ ಟೈಪ್ ಮಾಡಿಸುತ್ತಿದ್ದರು. ಬಂದ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಕೈಪಿಡಿಯಲ್ಲಿ ಬರೆದಿರುವ ಉತ್ತರಕ್ಕೂ ಯಂತ್ರ ನಿಜವಾಗಿ ಕೊಡುವ ಉತ್ತರಕ್ಕೂ ಎಷ್ಟೋ ಸಲ ವ್ಯತ್ಯಾಸವಿರುತ್ತಿತ್ತು. ಒಂದು ಸ್ಪೇಸ್ ಹೆಚ್ಚು, ಒಂದು ಕಡೆ ಸಣ್ಣಕ್ಷರ. ಆ ನೋಟ್‌ಬುಕ್ಕುಗಳೇ ನನ್ನ ಪಠ್ಯಪುಸ್ತಕ. ಉಪಕರಣದ ಹೆಸರು, ಫರ್ಮ್‌ವೇರ್ ಸಂಖ್ಯೆ, ಬಾಡ್ ರೇಟ್, ಅದರ ಕೆಳಗೆ ‘ಹೀಗೆ ಕೇಳಿದರೆ ಹೀಗೆ ಹೇಳುತ್ತದೆ’ ಎಂದು ಸಾಲು ಸಾಲು.

2010ರಲ್ಲಿ ಐಪ್ಯಾಡ್ ಬಂದು ಟಚ್ ಪ್ಯಾನೆಲ್ಲಿನ ಬಿಗುಮಾನ ಇಳಿಸಿತು. ಸೀರಿಯಲ್ ಹೋಗಿ ನೆಟ್‌ವರ್ಕ್ ಬಂತು. ಕ್ರೆಸ್ಟ್ರಾನ್‌ನವರು ಸಿ ಶಾರ್ಪ್‌ಗೆ ಬಾಗಿಲು ತೆರೆದರು, ಅಂಥದೇ ಯಂತ್ರ ಮಾಡುವ ಎಕ್ಸ್‌ಟ್ರಾನ್‌ನವರು ಪೈಥಾನ್‌ಗೆ, ಕ್ಯೂ-ಸಿಸ್‌ನವರು ಬ್ರೆಜಿಲ್‌ನಲ್ಲಿ ಹುಟ್ಟಿದ ಲೂವಾಗೆ. ಎಎಂಎಕ್ಸ್ 2014ರಲ್ಲಿ ಹರ್ಮನ್ ಕಂಪನಿಯ ಪಾಲಾಯಿತು, ಹರ್ಮನ್ 2017ರಲ್ಲಿ ಸ್ಯಾಮ್‌ಸಂಗ್ ಪಾಲಾಯಿತು. 2020ರ ಕೋವಿಡ್ ನಂತರ ಟೀಮ್ಸ್, ಜೂಮ್ ಕೋಣೆಗಳು ತಾವೇ ಸಿದ್ಧವಾಗಿ ಪೆಟ್ಟಿಗೆಯಲ್ಲಿ ಬಂದವು, ಎವಿ ಪ್ರೋಗ್ರಾಮರ್ ಇನ್ನು ಬೇಕಿಲ್ಲ ಎಂದು ಹೇಳಿದವರೂ ಇದ್ದರು. ಸಣ್ಣ ಕೋಣೆಗಳ ಮಟ್ಟಿಗೆ ಅವರ ಮಾತು ನಿಜವಾಯಿತು. ಸಭಾಂಗಣ, ಕಂಟ್ರೋಲ್ ರೂಮ್, ನ್ಯಾಯಾಲಯ, ವೈದ್ಯಕೀಯ ಕಾಲೇಜುಗಳ ಮಟ್ಟಿಗೆ ಅಲ್ಲ.

ನನ್ನ ಕಣ್ಣಿಗೆ ಈ ಕಾಲದ ದೊಡ್ಡ ಬದಲಾವಣೆ ಭಾಷೆಗಳದ್ದಲ್ಲ, ಯಂತ್ರಗಳು ಕೇಳದೆಯೂ ಮಾತಾಡತೊಡಗಿದ್ದು. ಸಿಸ್ಕೊ ವಿಡಿಯೊ ಕೋಡೆಕ್‌ಗೆ ‘ಎಕ್ಸ್‌ಫೀಡ್‌ಬ್ಯಾಕ್’ ಅಪ್ಪಣೆಯಲ್ಲಿ ಒಮ್ಮೆ ನೋಂದಾಯಿಸಿದರೆ ಸಾಕು, ಕರೆ ಬಂದರೆ, ಧ್ವನಿ ಬದಲಾದರೆ, ಯಾರಾದರೂ ರಿಮೋಟಿನಿಂದ ಮ್ಯೂಟ್ ಮಾಡಿದರೆ ಅದೇ ಕೂಗಿ ಹೇಳುತ್ತದೆ. ಮೂಕವಾಗಿದ್ದವು, ಕೇಳಿದರೆ ಹೇಳುವವಾದವು, ಈಗ ತಾವಾಗಿಯೇ ಹೇಳುತ್ತವೆ. ಇದರಿಂದ ಹೊಸ ಕಷ್ಟವೂ ಬಂದಿದೆ. ಎಲ್ಲಕ್ಕೂ ನೋಂದಾಯಿಸಿಬಿಟ್ಟರೆ ಸುದ್ದಿಯ ಪ್ರವಾಹದಲ್ಲಿ ಪ್ರೊಸೆಸರ್ ಏದುಸಿರು ಬಿಡುತ್ತದೆ. ನೆಟ್‌ವರ್ಕ್ ಕ್ಷಣಕಾಲ ಕಡಿದು ಮತ್ತೆ ಕೂಡಿದಾಗ ನಡುವೆ ಆದದ್ದು ತಪ್ಪಿಹೋಗಿರುತ್ತದೆ. ಮತ್ತೆ ಸಂಪರ್ಕ ಬಂದೊಡನೆ ಹೊಸದಾಗಿ ನೋಂದಾಯಿಸಿ, ಎಲ್ಲ ಸ್ಥಿತಿಯನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳಬೇಕು. ಸ್ಲೈಡ್ ಕಾಲದವರು ಟ್ರೇಗಳನ್ನು ಸೊನ್ನೆಗೆ ತರುತ್ತಿದ್ದರಲ್ಲ, ಅದೇ ಶಿಸ್ತು.

ಈ ಇತಿಹಾಸದಲ್ಲಿ ನನಗೆ ತುಂಬ ನೋವು ಕೊಡುವ ಒಂದು ಸಂಗತಿ ಇದೆ. ಪ್ರೊಸೆಸರ್‌ನಲ್ಲಿ ಓಡುವುದು ಕಂಪೈಲ್ ಆದ ಫೈಲು. ಮನುಷ್ಯರು ಓದಬಲ್ಲ ಸೋರ್ಸ್ ಬರೆದವರ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ನೆಟ್‌ಲಿಂಕ್ಸ್‌ನಲ್ಲಿ ಬೇಕೆಂದರೆ ಸೋರ್ಸನ್ನೂ ಪ್ರೊಸೆಸರ್‌ಗೇ ಕಳಿಸಿಡಬಹುದಿತ್ತು, ಹಾಗೆ ಮಾಡುವವರು ಕಡಿಮೆ. ಬೆಂಗಳೂರಿನಲ್ಲಿ ಹತ್ತು ಹದಿನೈದು ವರ್ಷ ಹಳೆಯ ಎಷ್ಟೋ ಕೋಣೆಗಳ ಸೋರ್ಸ್ ಯಾರ ಬಳಿಯೂ ಇಲ್ಲ. ಬರೆದವರು ದುಬೈಗೋ ಸಿಂಗಪುರಕ್ಕೋ ಹೋದರು, ಗುತ್ತಿಗೆದಾರ ಕಂಪನಿ ಮುಚ್ಚಿತು, ಹಾರ್ಡ್ ಡಿಸ್ಕ್ ಸತ್ತಿತು. ಒಂದು ಪ್ರೊಜೆಕ್ಟರ್ ಬದಲಿಸಬೇಕೆಂದರೆ ಇಡೀ ಪ್ರೋಗ್ರಾಂ ಹೊಸದಾಗಿ ಬರೆಯಬೇಕು. ಹೋದದ್ದು ಹಣ ಮಾತ್ರವಲ್ಲ. ಆ ಸಭಾಂಗಣದ ಮೂರನೇ ಮೈಕ್ ಯಾಕೆ ಎರಡು ಸೆಕೆಂಡ್ ತಡವಾಗಿ ತೆರೆಯುತ್ತದೆ, ಪರದೆ ಯಾಕೆ ಮುಕ್ಕಾಲಿಗೆ ನಿಲ್ಲುತ್ತದೆ ಎಂದು ಯಾರೋ ನಿದ್ದೆಗೆಟ್ಟು ಕಂಡುಕೊಂಡ ಕಾರಣಗಳು ಕಾಮೆಂಟ್ ಸಾಲುಗಳಲ್ಲಿದ್ದವು. ಅವೂ ಹೋದವು. ಹ್ಯಾಂಡ್‌ಓವರ್ ಪತ್ರದಲ್ಲಿ ಸೋರ್ಸ್ ಕೊಡಬೇಕೆಂದು ಬರೆಸದೆ ನಾನು ಈಗ ಯಾವ ಕೆಲಸವನ್ನೂ ಒಪ್ಪುವುದಿಲ್ಲ. ಕಾರಣಗಳನ್ನು ಕಾಮೆಂಟಿನಲ್ಲಿ ಬರೆಯದ ಕೋಡನ್ನು ಮುಗಿದ ಕೋಡ್ ಎಂದು ಲೆಕ್ಕಕ್ಕೂ ತೆಗೆದುಕೊಳ್ಳುವುದಿಲ್ಲ.

ನನ್ನ ಬಳಿ ಕಲಿಯಲು ಬರುವವರಿಗೆ ಮೊದಲ ವಾರ ಪ್ರೊಸೆಸರ್ ಮುಟ್ಟಲು ಬಿಡುವುದಿಲ್ಲ. ಅವರ ಲ್ಯಾಪ್‌ಟಾಪಿನಲ್ಲಿ, ಅವರಿಗೆ ಬರುವ ಯಾವುದಾದರೂ ಭಾಷೆಯಲ್ಲಿ, ಒಂದು ಸುಳ್ಳು ಪ್ರೊಜೆಕ್ಟರ್ ಬರೆಯಲು ಹೇಳುತ್ತೇನೆ. 4352ನೇ ಪೋರ್ಟಿನಲ್ಲಿ ಕೂತು ಅದು ಪಿಜೆಲಿಂಕ್ ಮಾತಾಡಬೇಕು. ಆನ್ ಎಂದರೆ ಸ್ವಲ್ಪ ಹೊತ್ತು 3 ಎನ್ನಬೇಕು, ಆಮೇಲೆ 1. ಆಫ್ ಎಂದರೆ 2, ಆಮೇಲೆ 0. ತಣ್ಣಗಾಗುತ್ತಿರುವಾಗ ಇನ್‌ಪುಟ್ ಬದಲಿಸು ಎಂದರೆ ಇದು ಹೊತ್ತಲ್ಲ ಎಂಬ ಮೂರನೇ ನಂಬರಿನ ಎರರ್ ಕೊಡಬೇಕು. ಕೆಲವೊಮ್ಮೆ ಉತ್ತರವನ್ನು ಎರಡು ತುಂಡು ಮಾಡಿ ಕಳಿಸಬೇಕು, ಕೆಲವೊಮ್ಮೆ ಸುಮ್ಮನಿರಬೇಕು. ಯಂತ್ರದ ಜಾಗದಲ್ಲಿ ಕೂತು ಒಮ್ಮೆ ಉತ್ತರ ಬರೆದವರಿಗೆ ಅಪ್ಪಣೆ ಬರೆಯುವ ಕೈ ತಾನಾಗಿ ಬದಲಾಗುತ್ತದೆ. ಎರಡನೇ ವಾರ ಅವರು ಬರೆಯುವ ಮೊದಲ ಬಟನ್ನಿನಲ್ಲೇ ಅದು ಕಾಣುತ್ತದೆ. ಕಳೆದ ಬಾರಿಯ ಗುಂಪಿನಲ್ಲಿ ಚಿಕ್ಕಮಗಳೂರಿನ ಹುಡುಗಿಯೊಬ್ಬಳು ತನ್ನ ಸುಳ್ಳು ಪ್ರೊಜೆಕ್ಟರ್‌ಗೆ ಒಂದು ಬಟನ್ ಸೇರಿಸಿದಳು. ಒತ್ತಿದರೆ ಕರೆಂಟ್ ಹೋದಂತೆ ಸಂಪರ್ಕ ಕಡಿದು, ಜನರೇಟರ್ ಬಂದಂತೆ ತುಸು ಹೊತ್ತಿನ ಮೇಲೆ ಸ್ಟ್ಯಾಂಡ್‌ಬೈನಲ್ಲಿ ಎದ್ದುಬರುತ್ತದೆ. ಈಗ ನಮ್ಮಲ್ಲಿ ಬರೆದ ಪ್ರತಿ ಹೊಸ ಪ್ರೋಗ್ರಾಂ ಸೈಟಿಗೆ ಹೋಗುವ ಮುಂಚೆ ಆ ಬಟನ್ನನ್ನು ದಾಟಿ ಹೋಗುತ್ತದೆ.